ಘನಾಕೃತಿಯ ಪಿಕಾಚು ಮತ್ತು ವಾಕ್ಸೆಲ್

ಜಪಾನಿನ ಗೇಮ್ ಫ್ರೀಕ್ ಸಂಸ್ಥೆ ರೂಪಿಸಿ, 1996ರಲ್ಲಿ ಮೊದಲಿಗೆ ಬಂದ ಪೋಕೆಮಾನ್ ವಿಡಿಯೋ ಆಟದ ಹೆಸರು ವಿದ್ಯಾರ್ಥಿಗಳಿಗೆ ಹೊಸದಲ್ಲ. ಅದರ ಉಪ ಆಟಗಳಲ್ಲಿ ಒಂದು 2018ರ 'ಪೋಕೆಮಾನ್ ಕ್ವೆಸ್ಟ್'. ಇದರಲ್ಲಿನ ಜೀವಿಗಳು ಘನ, ಆಯತಘನಗಳನ್ನು ಜೋಡಿಸಿ ಮಾಡಿದ ಗೊಂಬೆಗಳಂತಿವೆ. ದುಂಡು ಮುಖದ ಪಿಕಾಚುವಿನ ತಲೆ ಇಲ್ಲಿ ಒಂದು ಪೆಟ್ಟಿಗೆ. ಆದರೂ ಮಕ್ಕಳು ಅದನ್ನು ಕಂಡೊಡನೆ ಗುರುತಿಸುತ್ತಾರೆ. ಇದು ಹೇಗೆ ಸಾಧ್ಯ?

ಪರದೆಯ ಮೇಲಿನ ಚಿತ್ರವು ಪಿಕ್ಸೆಲ್ ಎಂಬ ಪುಟ್ಟ ಚೌಕಗಳಿಂದ ಆಗಿರುತ್ತದೆ. ಈ ಕಲ್ಪನೆಯನ್ನು ಮೂರು ಆಯಾಮಗಳಿಗೆ ವಿಸ್ತರಿಸಿದಾಗ ದೊರೆಯುವ ಘನಾಂಶವೇ ವಾಕ್ಸೆಲ್. ಪ್ರತಿ ವಾಕ್ಸೆಲ್‌ಗೂ ಬಣ್ಣ, ಸಾಂದ್ರತೆ ಮುಂತಾದ ಯಾವುದಾದರೊಂದು ಬೆಲೆಯನ್ನು ನೀಡಲಾಗುತ್ತದೆ.

ಒಂದು ಬದಿಗೆ 32 ವಾಕ್ಸೆಲ್‌ಗಳಿರುವ ಘನವನ್ನು ಪರಿಗಣಿಸೋಣ. ಒಟ್ಟು ಸಂಖ್ಯೆ 32,768. ಬದಿಗೆ 64 ಆದರೆ 2,62,144, ಅಂದರೆ ಎಂಟು ಪಟ್ಟು. ಮೊದಲನೆಯ ಘನದಲ್ಲಿ 27,000 ವಾಕ್ಸೆಲ್‌ಗಳು ಒಳಗೇ ಅಡಗಿರುತ್ತವೆ. ಹೊರಪದರದಲ್ಲಿರುವುದು 5,768 ಮಾತ್ರ. ಆದ್ದರಿಂದ ವಾಕ್ಸೆಲ್ ಶೈಲಿಯ ನೋಟಕ್ಕೆ ಒಳಭಾಗವನ್ನು ಚಿತ್ರಿಸುವ ಅಗತ್ಯವಿಲ್ಲ. ಒಂದು ಆಯತಘನದ ಆರು ಮುಖಗಳಿಗೆ ಹನ್ನೆರಡು ತ್ರಿಭುಜಗಳು ಸಾಕು.

ಈಗ ಗುರುತಿಸುವಿಕೆಯ ಪ್ರಶ್ನೆ. ಹಳದಿ ಮೈ, ಕಪ್ಪು ತುದಿಯ ಉದ್ದ ಕಿವಿಗಳು, ಕೆಂಪು ಕೆನ್ನೆ, ಮಿಂಚಿನಾಕಾರದ ಬಾಲ: ಇವಿಷ್ಟು ಉಳಿದರೆ ಪಿಕಾಚು ಉಳಿಯಿತು. ಆದರೆ ಇವು ತಾವಾಗಿಯೇ ಉಳಿಯುವುದಿಲ್ಲ. 10 ಮಿ.ಮೀ. ಬದಿಯ ವಾಕ್ಸೆಲ್‌ನಲ್ಲಿ 5 ಮಿ.ಮೀ. ಬದಿಯ ಕೆಂಪು ಘನವೊಂದು ಇದೆಯೆಂದುಕೊಳ್ಳಿ. ಅದು ಘನಫಲದ ಎಂಟನೆಯ ಒಂದು ಭಾಗ ಮಾತ್ರ. ಬಣ್ಣಗಳ ಸರಾಸರಿ ತೆಗೆದರೆ ಹಳದಿಗೆ ತುಸು ಕೆಂಪು ಛಾಯೆ ಬರುತ್ತದೆ, ಕೆನ್ನೆ ಮಾಯವಾಗುತ್ತದೆ! ಕಲಾವಿದರು ಸರಾಸರಿ ತೆಗೆಯುವುದಿಲ್ಲ. ಮುಖ್ಯವಾದುದನ್ನು ಆರಿಸಿ ದೊಡ್ಡದು ಮಾಡುತ್ತಾರೆ.

ವಾಕ್ಸೆಲ್‌ಗಳನ್ನೇ ಬಳಸುವ ಸಿ.ಟಿ. ಸ್ಕ್ಯಾನ್ ಯಂತ್ರಕ್ಕೆ ಈ ಸ್ವಾತಂತ್ರ್ಯವಿಲ್ಲ. ಇಂಗ್ಲೆಂಡಿನ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರದಿಂದ 1971ರಲ್ಲಿ ಮೊದಲ ರೋಗಿಯ ಮೆದುಳಿನ ಬಿಂಬ ಪಡೆದಾಗ ಪ್ರತಿ ಪದರದಲ್ಲಿದ್ದುದು 80×80 ಅಂಶಗಳು. ಇಂದು 512×512 ಸಾಮಾನ್ಯ. ಪ್ರತಿ ವಾಕ್ಸೆಲ್‌ನ ಬೆಲೆ ಅಲ್ಲಿನ ಅಂಗಾಂಶಗಳು ಎಕ್ಸ್-ಕಿರಣವನ್ನು ಕ್ಷೀಣಿಸುವ ಪ್ರಮಾಣದ ಸರಾಸರಿ. 10 ಮಿ.ಮೀ. ದಪ್ಪದ ಪದರದೊಳಗೆ 5 ಮಿ.ಮೀ. ಗಂಟು ಇದ್ದರೆ, ಅದು ವಾಕ್ಸೆಲ್‌ನ ಅರ್ಧವನ್ನಷ್ಟೇ ತುಂಬುತ್ತದೆ; ಸುತ್ತಲಿನ ಅಂಗಾಂಶಕ್ಕೂ ಅದಕ್ಕೂ ಇರುವ ವ್ಯತ್ಯಾಸ ಬಿಂಬದಲ್ಲಿ ಅರ್ಧಕ್ಕಿಳಿಯುತ್ತದೆ. ಗಂಟು ಕಣ್ತಪ್ಪಬಹುದು.

ಪದರವನ್ನು ತೆಳುವಾಗಿಸಬಹುದಲ್ಲವೇ? ಹೌದು. ಆದರೆ ದಪ್ಪ ಅರ್ಧವಾದರೆ ಬಿಂಬಕ್ಕೆ ಒದಗುವ ಫೋಟಾನ್‌ಗಳೂ ಅರ್ಧವಾಗುತ್ತವೆ. ಬಿಂಬದ ಏರಿಳಿತ ಸುಮಾರು 1.4 ಪಟ್ಟು ಹೆಚ್ಚುತ್ತದೆ. ಅದನ್ನು ಮೊದಲಿನಷ್ಟೇ ಇರಿಸಬೇಕಾದರೆ ರೋಗಿಗೆ ಹೆಚ್ಚು ವಿಕಿರಣ ನೀಡಬೇಕು. ವಾಕ್ಸೆಲ್ ಎಷ್ಟು ಚಿಕ್ಕದಿರಬೇಕು ಎಂಬುದನ್ನು ಈ ಎರಡನ್ನೂ ತೂಗಿ ನೋಡಿ ನಿರ್ಧರಿಸಬೇಕಾಗುತ್ತದೆ.

ಇದನ್ನು ತರಗತಿಯಲ್ಲಿಯೇ ಪರೀಕ್ಷಿಸಬಹುದು. ಗ್ರಾಫ್ ಹಾಳೆಯ ಮೇಲೆ 16×16 ಚೌಕಗಳಲ್ಲಿ ಪಿಕಾಚುವಿನ ಮುಖ ಬರೆಸಿ. ಬಳಿಕ ಅದನ್ನು 8×8 ಚೌಕಗಳಿಗೆ ಎರಡು ರೀತಿಯಲ್ಲಿ ಇಳಿಸಲು ಹೇಳಿ: ಒಮ್ಮೆ ನಾಲ್ಕು ನಾಲ್ಕು ಚೌಕಗಳ ಬಣ್ಣದ ಸರಾಸರಿ ತೆಗೆದು, ಇನ್ನೊಮ್ಮೆ ತಮಗೆ ಮುಖ್ಯವೆನಿಸಿದ ಬಣ್ಣವನ್ನು ಆರಿಸಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.