ದುಡಿಯುವ ತೋಳಿನ ಉಗ್ರಾಣ



ಮದ್ಯವು ಮೈಗೆ ಕಸುವು ಕೊಡುತ್ತದೆಂಬ ನಂಬಿಕೆ ನಮ್ಮ ಶ್ರಮಜೀವಿಗಳಲ್ಲಿ ಬಹಳ ಹಳೆಯದು. ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಅವರ ದಣಿವು ನಿಜ. ಮದ್ಯ ಅದನ್ನು ಕೆಲಹೊತ್ತು ಮರೆಸುವುದೂ ನಿಜ. ಆದರೆ ದುಡಿಯುವ ತೋಳಿಗೆ ಅದು ಏನನ್ನು ಕೊಡುತ್ತದೆ, ಏನನ್ನು ಕಸಿಯುತ್ತದೆ ಎಂಬ ಲೆಕ್ಕವನ್ನೂ ನೋಡಬೇಕಲ್ಲವೆ?

ಒಂದು ಗ್ರಾಂ ಮದ್ಯಸಾರದಲ್ಲಿ ಸುಮಾರು 7 ಕಿಲೋಕ್ಯಾಲೊರಿ ಶಕ್ತಿಯಿದೆ; ಅಷ್ಟೇ ಪಿಷ್ಟದಲ್ಲಿ ಇರುವುದು 4. ಆದರೆ ಮದ್ಯಸಾರ ಉರಿಯುವುದು ಬಹುಮಟ್ಟಿಗೆ ಯಕೃತ್ತಿನಲ್ಲಿ. ಭಾರ ಎತ್ತುವ ಸ್ನಾಯು ಅದನ್ನು ಉರುವಲಾಗಿ ಬಳಸಿಕೊಳ್ಳಲಾರದು. ಮೇಲಾಗಿ, ಅದನ್ನು ಸುಡುವ ಕೆಲಸದಲ್ಲಿ ತೊಡಗಿದ ಯಕೃತ್ತು ಹೊಸ ಗ್ಲೂಕೋಸನ್ನು ತಯಾರಿಸುವುದರಲ್ಲಿ ಹಿಂದೆ ಬೀಳುತ್ತದೆ.

ಸ್ನಾಯುವಿಗೆ ತನ್ನದೇ ಒಂದು ಉಗ್ರಾಣವಿದೆ. ಅಲ್ಲಿರುವ ದಾಸ್ತಾನೇ ಗ್ಲೈಕೋಜನ್. ಥಟ್ಟನೆ ಮೂಟೆ ಎತ್ತುವಾಗ ಆಮ್ಲಜನಕಕ್ಕೆ ಕಾಯದೆ ಸ್ನಾಯು ಇದನ್ನು ಒಡೆದು ಶಕ್ತಿ ಪಡೆಯುತ್ತದೆ. ಆಗ ಹುಟ್ಟುವ ಲ್ಯಾಕ್ಟೇಟ್ ರಕ್ತಕ್ಕೆ ಸೇರುತ್ತದೆ. 1966ರಲ್ಲಿ ಅಮೆರಿಕದ ಪರ್ಕಾಫ್ ಮತ್ತು ಸಂಗಡಿಗರು ಬಹುಕಾಲದ ಕುಡುಕರನ್ನು ಪರೀಕ್ಷಿಸಿದರು. ತೋಳಿನ ರಕ್ತಸಂಚಾರವನ್ನು ತಡೆದು, ಮುಂದೋಳಿಗೆ ಕೆಲಸ ಕೊಟ್ಟು, ಲ್ಯಾಕ್ಟೇಟನ್ನು ಅಳೆದರು. ಆರೋಗ್ಯವಂತರಲ್ಲಿ ಚುರುಕಾಗಿ ಏರುವ ಅದು ಇವರಲ್ಲಿ ಅನೇಕರಿಗೆ ಅಷ್ಟಾಗಿ ಏರಲಿಲ್ಲ. ಉಗ್ರಾಣದ ಬಾಗಿಲು ಸಲೀಸಾಗಿ ತೆರೆಯುತ್ತಿರಲಿಲ್ಲ.

ಮದ್ಯದಿಂದ ಹೆಚ್ಚು ಸೊರಗುವುದು ಈ ಉಗ್ರಾಣವನ್ನೇ ನೆಚ್ಚಿದ, ವೇಗದ ಕೆಲಸದ ಎಳೆಗಳು. ಅವುಗಳಿಗೆ ಬೇಕಾದ ಪ್ರೋಟೀನಿನ ತಯಾರಿಕೆಯೂ ಕುಗ್ಗುತ್ತದೆ. ಭುಜ, ಸೊಂಟ, ತೊಡೆಗಳು ಬಲಗುಂದುತ್ತವೆ. ಕುಳಿತವನು ಕೈಯೂರದೆ ಏಳಲಾರ. ಕೆಡುಕು ಸದ್ದಿಲ್ಲದೆ ಬರುತ್ತದೆಂಬುದು ಇನ್ನೂ ಕಳವಳದ ಸಂಗತಿ. 1989ರಲ್ಲಿ ಪ್ರಕಟವಾದ ಬಾರ್ಸಿಲೋನಾದ ಅಧ್ಯಯನವೊಂದರಲ್ಲಿ, ಯಾವ ತೊಂದರೆಯನ್ನೂ ಹೇಳಿಕೊಳ್ಳದ 50 ಮಂದಿ ಕುಡುಕರ ಪೈಕಿ ಅರ್ಧಕ್ಕೆ ಹತ್ತಿರದಷ್ಟು ಜನರ ಸ್ನಾಯುವಿನಲ್ಲಿ ರೋಗದ ಗುರುತು ಸಿಕ್ಕಿತು. ಜೀವಮಾನದಲ್ಲಿ ಕುಡಿದ ಒಟ್ಟು ಮೊತ್ತ ಹೆಚ್ಚಿದಂತೆ ತೋಳಿನ ಬಲ ತಗ್ಗಿತ್ತು.

ಆದರೂ ನಾನು ನಿರಾಶೆಯ ಮಾತಿನಿಂದ ಮುಗಿಸಬೇಕಾಗಿಲ್ಲ. ಕುಡಿತ ನಿಂತರೆ, ಆರು ತಿಂಗಳಿಂದ ವರ್ಷದೊಳಗೆ ಅನೇಕರ ಸ್ನಾಯುಗಳು ಬಹುಪಾಲು ಚೇತರಿಸಿಕೊಳ್ಳುತ್ತವೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಗೇ ಬಿಟ್ಟರೆ ಅಪಸ್ಮಾರ, ಸನ್ನಿ ಬರಬಹುದು, ವೈದ್ಯರ ನೆರವಿನಿಂದಲೇ ಬಿಡಬೇಕು. ಕೂಲಿಯವನಿಗೆ ತೋಳೇ ಬಂಡವಾಳ. ಆ ಬಂಡವಾಳ ಕರಗಿದರೆ ಮನೆಯ ಒಲೆಯೂ ಆರುತ್ತದೆ. ಅದು ಮರಳಿದರೆ ಮನೆಮಂದಿಯೆಲ್ಲ ಚೇತರಿಸಿಕೊಳ್ಳುತ್ತಾರೆ.