ಸ್ಕ್ಯಾನ್‌ನಲ್ಲಿ ಅರ್ಧ ಮಿದುಳು ಚಿಕ್ಕದಾಗಿ ಕಂಡರೆ ಅದು ‘ಒಣಗುತ್ತಿದೆ’ ಎಂದರ್ಥವೇ?

ಒಂದು ಕಡೆ ತುಂಬಿಕೊಂಡ ಮಿದುಳು, ಇನ್ನೊಂದು ಕಡೆ ಕುಗ್ಗಿದ ಮಿದುಳು. ಇಂಥ ಸ್ಕ್ಯಾನ್ ಚಿತ್ರದ ಕೆಳಗೆ ‘ಮೊಬೈಲ್ ನೋಡಿ ಮಿದುಳು ಒಣಗಿದೆ’ ಎಂದು ಬರೆದರೆ ನಂಬುವವರಿದ್ದಾರೆ. ನಿಜ ಏನೆಂದು ನೋಡೋಣ.

ಏನಿದು?

ಇದರ ಒಂದು ಬಗೆಗೆ ಡೈಕ್-ಡೇವಿಡಾಫ್-ಮ್ಯಾಸನ್ ಸಿಂಡ್ರೋಮ್ ಎಂದು ಹೆಸರು. ಆ ಹೆಸರಿನ ಮೂವರು ವೈದ್ಯರು 1933ರಲ್ಲೇ ಎಕ್ಸ್‌ರೇ ನೋಡಿ ಇದನ್ನು ವಿವರಿಸಿದ್ದರು. ಕೈಯಲ್ಲಿ ಹಿಡಿಯುವ ಮೊಬೈಲ್‌ನಿಂದ ಮೊದಲ ಕರೆ ಹೋಗಿದ್ದು 1973ರಲ್ಲಿ!

ಕಾರಣವೇನು?

ಗರ್ಭದಲ್ಲಿ, ಹೆರಿಗೆಯ ವೇಳೆ ಅಥವಾ ಎಳವೆಯಲ್ಲಿ ಮಿದುಳಿನ ಒಂದು ಪಕ್ಕಕ್ಕೆ ಪೆಟ್ಟಾಗಿರುತ್ತದೆ. ರಕ್ತ ಪೂರೈಕೆ ನಿಲ್ಲುವುದು, ರಕ್ತಸ್ರಾವ, ಸೋಂಕು, ಬಹಳ ಹೊತ್ತು ನಿಲ್ಲದ ಫಿಟ್ಸ್ ಇದಕ್ಕೆ ಕಾರಣವಾಗಬಹುದು. ಗ್ರಹಣವಾಗಲಿ, ತಾಯಿ ತಿಂದ ಪಪ್ಪಾಯಿಯಾಗಲಿ ಕಾರಣವಲ್ಲ.

ಪೆಟ್ಟು ಹಳೆಯದೆಂದು ಹೇಗೆ ಗೊತ್ತಾಗುತ್ತದೆ?

ತಲೆಬುರುಡೆಯೇ ಸಾಕ್ಷಿ. ಮಗುವಿನ ಮಿದುಳು ಬೆಳೆಯುತ್ತಾ ಬುರುಡೆಯನ್ನು ಹೊರಕ್ಕೆ ತಳ್ಳುತ್ತದೆ. ಒಂದು ಪಕ್ಕ ಬೆಳೆಯದಿದ್ದರೆ ಆ ಕಡೆಯ ಮೂಳೆ ಒಳಮುಖವಾಗಿ ದಪ್ಪವಾಗುತ್ತದೆ, ಹಣೆಯ ಮೂಳೆಯೊಳಗಿನ ಗಾಳಿಗೂಡುಗಳು ಹಿಗ್ಗುತ್ತವೆ. ಸಾಮಾನ್ಯವಾಗಿ ಮೂರು ವರ್ಷದೊಳಗೆ ಪೆಟ್ಟಾದರೆ ಮಾತ್ರ ಈ ಗುರುತು ಸ್ಪಷ್ಟವಾಗಿ ಮೂಡುತ್ತದೆ. ಸಿಟಿ ಸ್ಕ್ಯಾನ್‌ನಲ್ಲಿ ಮೂಳೆ, ಎಂಆರ್‌ಐಯಲ್ಲಿ ಮಿದುಳು ಚೆನ್ನಾಗಿ ಕಾಣುತ್ತದೆ. ಅಂದರೆ ಇದು ಹಳೆಯ ಗಾಯದ ಕಲೆ, ದಿನೇ ದಿನೇ ಒಣಗುವ ರೋಗವಲ್ಲ. ಆದರೆ ರಾಸ್ಮುಸೆನ್ ಎನ್ಸೆಫಲೈಟಿಸ್‌ನಂಥ ಅಪರೂಪದ ಕಾಯಿಲೆಯಲ್ಲಿ ಅರ್ಧ ಮಿದುಳು ಕ್ರಮೇಣ ಕುಗ್ಗುತ್ತಾ ಹೋಗುವುದುಂಟು. ಆದ್ದರಿಂದ ಚಿತ್ರ ನೋಡಿ ನಾವೇ ತೀರ್ಮಾನಿಸಬಾರದು, ನರರೋಗ ತಜ್ಞರೇ ಹೇಳಬೇಕು.

ಚಿಕಿತ್ಸೆ ಇದೆಯೇ?

ಕುಗ್ಗಿದ ಭಾಗ ಮತ್ತೆ ಬೆಳೆಯುವುದಿಲ್ಲ. ಆದರೆ ಫಿಟ್ಸ್‌ಗೆ ಮಾತ್ರೆ, ಎದುರು ಪಕ್ಕದ ಕೈಕಾಲಿನ ಬಲಹೀನತೆಗೆ ಫಿಸಿಯೋಥೆರಪಿ, ಮಾತು-ಕಲಿಕೆಗೆ ತರಬೇತಿ ಇವೆ. ಮಾತ್ರೆಗೆ ಬಗ್ಗದ ಫಿಟ್ಸ್ ಇದ್ದರೆ ಕೆಲವರಿಗೆ ಆ ಅರ್ಧ ಭಾಗವನ್ನು ಬೇರ್ಪಡಿಸುವ ಶಸ್ತ್ರಚಿಕಿತ್ಸೆಯೂ ಇದೆ. ಅದಾದ ಮೇಲೂ ಓಡಾಡುವ, ಮಾತಾಡುವ ಮಕ್ಕಳಿದ್ದಾರೆ. ಎಳೆಯ ಮಿದುಳಿನ ಉಳಿದರ್ಧ ಅಷ್ಟು ಕೆಲಸ ಕಲಿಯಬಲ್ಲದು.

ನಾವು ಏನು ಮಾಡಬೇಕು?

‘ಒಣಗಿದ ಮಿದುಳಿಗೆ ಮಾತ್ರೆ ದಂಡ’ ಎಂದು ಔಷಧ ನಿಲ್ಲಿಸುವುದೇ ನಿಜವಾದ ಅಪಾಯ. ದಿಢೀರ್ ನಿಲ್ಲಿಸಿದರೆ ಜೀವಕ್ಕೇ ಕುತ್ತು ತರುವ ಫಿಟ್ಸ್ ಬರಬಹುದು. ಮಗುವಿಗೆ ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಕೈಗೆ ಕಬ್ಬಿಣದ ಕೀ ಕೊಡಬೇಡಿ, ಬಾಯಿಗೆ ಏನೂ ಹಾಕಬೇಡಿ, ಬರೆ ಎಳೆಯಬೇಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ಫಾರ್ವರ್ಡ್ ಮಾಡುವುದಿದ್ದರೆ ಈ ಕೊನೆಯ ಸಾಲುಗಳನ್ನು ಮಾಡಿ.