ಬಳ್ಳಾರಿಯ ಗುಡ್ಡದಿಂದ ನಗರದರ್ಶನ

ಉನ್ನತವಾದ ಸ್ಥಳವನ್ನೇರಿ, ತಾನು ವಾಸಮಾಡುವ ಊರನ್ನು ಕಾಲಕೆಳಗಿಟ್ಟು ನೋಡಬೇಕೆಂಬ ಆಸೆಯು ಮನುಷ್ಯನಿಗೆ ಸ್ವಭಾವಸಿದ್ಧವಾದುದು. ತಂದೆಯ ಹೆಗಲನ್ನೇರಿದೊಡನೆ ಮಗುವು ಅಳುವನ್ನು ಮರೆಯುವುದಕ್ಕೂ, ಸಮುದ್ರವನ್ನು ದಾಟಿಹೋಗಿ ದುಬಾಯಿಯ ಬುರ್ಜ್ ಖಲೀಫಾದ ನೂರಿಪ್ಪತ್ತನಾಲ್ಕನೆಯ ಅಂತಸ್ತಿಗೆ ದುಡ್ಡು ತೆತ್ತು ಏರುವ ದೊಡ್ಡವರ ಉತ್ಸಾಹಕ್ಕೂ ಮೂಲವು ಒಂದೇ ಆಗಿರುವುದು. ನಮ್ಮ ಪ್ರಾಚೀನ ಕವಿಗಳು ಎತ್ತರವಾದ ಉಪ್ಪರಿಗೆಗಳನ್ನು 'ಅಭ್ರಂಲಿಹ'ಗಳೆಂದು ಕರೆದರು. ಮೋಡವನ್ನು ನೆಕ್ಕುವಂಥವು ಎಂದು ಆ ಪದದ ಅರ್ಥ. ಈಗಿನ ಪತ್ರಿಕೆಯವರು 'ಗಗನಚುಂಬಿ'ಗಳೆನ್ನುತ್ತಾರೆ. ನೆಕ್ಕುವುದಕ್ಕಿಂತ ಮುತ್ತಿಡುವುದು ಸಭ್ಯವೆಂದು ತೋರಿತೇನೋ!

ಕಾಳಿದಾಸನ ಶಾಕುಂತಲ ನಾಟಕದ ಏಳನೆಯ ಅಂಕದಲ್ಲಿ ದುಷ್ಯಂತನು ಇಂದ್ರನ ರಥದಲ್ಲಿ ಕುಳಿತು ಆಕಾಶದಿಂದ ಭೂಮಿಗೆ ಇಳಿಯುವ ಸಂದರ್ಭವೊಂದುಂಟು. ಮೊದಲು ಪರ್ವತಶಿಖರಗಳಿಂದ ನೆಲವು ಕೆಳಕ್ಕೆ ಜಾರುವಂತೆ ತೋರುವುದು. ಬಳಿಕ ಎಲೆಗಳಲ್ಲಿ ಅಡಗಿದ್ದ ಮರಗಳ ಬೊಡ್ಡೆಗಳು ಹೊರಬೀಳುವುವು. ನೀರೇ ಇಲ್ಲವೆಂಬಂತೆ ಕೃಶವಾಗಿದ್ದ ನದಿಗಳು ಬರಬರುತ್ತ ಅಗಲವಾಗುವುವು. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಪ್ರತಿ ವರ್ಷವೂ ಒಬ್ಬನಲ್ಲ ಒಬ್ಬ ಹುಡುಗನು ಎದ್ದುನಿಂತು, ವಿಮಾನವಿಲ್ಲದ ಕಾಲದಲ್ಲಿ ಕವಿಗೆ ಇದು ಹೇಗೆ ತಿಳಿಯಿತೆಂದು ಕೇಳುತ್ತಿದ್ದನು. ಭಾನುವಾರ ಊರ ಗುಡ್ಡವನ್ನು ಹತ್ತಿ ಬೇಗಬೇಗನೆ ಇಳಿದು ನೋಡು ಎಂಬುದೇ ನನ್ನ ಉತ್ತರವಾಗಿತ್ತು.

ಊರ ಗುಡ್ಡವೆಂದೆನಷ್ಟೆ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಹೆದ್ದಾರಿಯಲ್ಲಿರುವ ನಮ್ಮ ತೆಕ್ಕಲಕೋಟೆಗೆ ಆಕಾಶಸೌಧಗಳ ಭಾಗ್ಯವಿಲ್ಲ. ಆದರೆ ಕಗ್ಗಲ್ಲಿನ ಗುಡ್ಡಗಳ ಭಾಗ್ಯವು ಧಾರಾಳವಾಗಿದೆ. ಇವುಗಳ ಮೇಲೆ 1963-64ರ ಸುಮಾರಿಗೆ ಡಾಕ್ಟರ್ ಎಂ. ಎಸ್. ನಾಗರಾಜರಾಯರು ಉತ್ಖನನ ಮಾಡಿ, ನೂತನ ಶಿಲಾಯುಗದ ಜನರು ವಾಸಮಾಡಿದ್ದ ನೆಲೆಯನ್ನು ಬೆಳಕಿಗೆ ತಂದರು. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿ ಆ ಜನರು ಗುಡ್ಡದ ಇಳಿಜಾರನ್ನು ಹಂತಹಂತವಾಗಿ ಸಮಮಾಡಿ, ಗುಂಡುಬಂಡೆಗಳ ನಡುವೆ ದುಂಡನೆಯ ಗುಡಿಸಲುಗಳನ್ನು ಕಟ್ಟಿಕೊಂಡು, ಬಯಲಿನ ಕಡೆಗೆ ಮುಖಮಾಡಿ ಬಾಳಿದರು. ಸತ್ತವರನ್ನು ಮನೆಯ ನೆಲದಲ್ಲಿಯೇ ಹೂಳುತ್ತಿದ್ದರು. ಚಿಕ್ಕ ಮಕ್ಕಳನ್ನು ಮಡಕೆಗಳಲ್ಲಿಟ್ಟು ಹೂಳುತ್ತಿದ್ದರು. ಎತ್ತುಗಳ ಆಕೃತಿಗಳನ್ನು ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದರು. ಕೆಳಗೆ ಮೇಯುತ್ತಿರುವ ದನಗಳ ಮೇಲೆ ಮೇಲಿನಿಂದ ಒಂದು ಕಣ್ಣಿಡುವುದು ಅವರ ಪಾಲಿಗೆ ವಿನೋದವಾಗಿರದೆ ಜೀವನೋಪಾಯವೇ ಆಗಿದ್ದಿರಬೇಕು.

ಇಂದು ಅದೇ ಬಂಡೆಯ ಮೇಲೆ ನಿಂತವನಿಗೆ ಕಾಣುವುದು ಬೇರೆಯ ದೃಶ್ಯ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ಕಾಲುವೆಗಳಿಗೆ ನೀರು ಹರಿದಂದಿನಿಂದ ಈ ಸೀಮೆಯ ಬಣ್ಣವೇ ಬದಲಾಯಿತು. ಕಾಲುವೆಯ ಕೆಳಗಿನ ಭೂಮಿಯು ಬತ್ತದ ಹಸುರು. ನೀರು ಏರದ ಭೂಮಿಯು ಕಪ್ಪು. ನಡುವೆ ದರ್ಜಿಯು ಕತ್ತರಿಸಿದಂತೆ ಒಂದು ಗೆರೆ. ಯಾವ ರೈತನ ಮನೆಯಲ್ಲಿ ಹೊಸ ಮಹಡಿ ಏಳುವುದು, ಯಾವನ ಮಕ್ಕಳು ದುಡಿಮೆಗಾಗಿ ಬೆಂಗಳೂರಿನ ಬಸ್ಸು ಹತ್ತುವರು ಎಂಬುದನ್ನು ಆ ಗೆರೆಯನ್ನು ನೋಡಿಯೇ ಬಹುಮಟ್ಟಿಗೆ ಹೇಳಬಹುದು. ಪಹಣಿಯ ಕಾಗದಗಳನ್ನು ತಿರುವಿದರೂ ಈ ಸಂಗತಿಯು ಇಷ್ಟು ಸ್ಫುಟವಾಗಿ ತೋರಲಾರದು. ಆದರೆ ನನ್ನೊಡನೆ ಹತ್ತಿದ ಮೊಮ್ಮಗನಿಗೆ ಇದಾವುದೂ ಬೇಡವಾಗಿತ್ತು. "ತಾತಾ, ನಮ್ಮ ಮನಿ ಎಲ್ಲೈತಿ?" ಎಂಬುದೊಂದೇ ಅವನ ಪ್ರಶ್ನೆ. ಮನೆಯ ಮೇಲಣ ನೀಲಿ ನೀರಿನ ತೊಟ್ಟಿಯನ್ನು ಗುರುತುಹಿಡಿಯುವ ವರೆಗೂ ಅವನು ನನ್ನನ್ನು ಬಿಡಲಿಲ್ಲ. ಎಷ್ಟೇ ದೂರ ಕಾಣಲಿ, ಎತ್ತರಕ್ಕೇರಿದವನ ಕಣ್ಣು ಮೊದಲು ಹುಡುಕುವುದು ತನ್ನ ಮನೆಯ ಮಾಳಿಗೆಯನ್ನೇ.

ಇನ್ನು ನಗರವನ್ನೇ ನೋಡಬೇಕೆಂಬವರು ಬಳ್ಳಾರಿಗೆ ಹೋಗತಕ್ಕದ್ದು. ನಗರದ ಮಧ್ಯದಲ್ಲಿಯೇ ಒಂದು ಏಕಶಿಲೆಯಂತಿರುವ ಗುಡ್ಡವು ಬಯಲಿನಿಂದ ಸುಮಾರು 450 ಅಡಿ ಮೇಲೆದ್ದು ನಿಂತಿರುವುದು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ 1973ರಲ್ಲಿ ಮುಗಿದು, ಬಹುಕಾಲ ಆ ನಗರದ ಅತ್ಯುನ್ನತ ಸೌಧವೆನಿಸಿದ್ದ ಇಪ್ಪತ್ತೈದು ಅಂತಸ್ತಿನ ಯುಟಿಲಿಟಿ ಬಿಲ್ಡಿಂಗಿಗಿಂತ ಇದು ಎತ್ತರವಾದುದು. ಮೇಲಾಗಿ ಇದಕ್ಕೆ ತಳಹದಿಯ ಚಿಂತೆಯಿಲ್ಲ. ಗುಡ್ಡದ ತುದಿಯಲ್ಲಿರುವ ಮೇಲುಕೋಟೆಯನ್ನು ವಿಜಯನಗರದ ಅಂಕಿತದಲ್ಲಿದ್ದ ಹನುಮಪ್ಪನಾಯಕನು ಕಟ್ಟಿಸಿದನು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಹೈದರಾಲಿಯು ಇದನ್ನು ವಶಪಡಿಸಿಕೊಂಡು, ಫ್ರೆಂಚ್ ಇಂಜಿನಿಯರನೊಬ್ಬನ ಸಹಾಯದಿಂದ ಭದ್ರಪಡಿಸಿ, ಗುಡ್ಡದ ಪೂರ್ವಭಾಗವನ್ನು ಸುತ್ತುವಂತೆ ಕೆಳಕೋಟೆಯನ್ನು ಸೇರಿಸಿದನು.

ಆ ಇಂಜಿನಿಯರನ ಕಥೆಯನ್ನು ಬಳ್ಳಾರಿಯಲ್ಲಿ ಕೇಳದವರಿಲ್ಲ. ಕೆಲಸವೆಲ್ಲ ಮುಗಿದ ಮೇಲೆ, ನೆರೆಯ ಕುಂಬಾರಗುಡ್ಡವು ಕೋಟೆಯ ಗುಡ್ಡಕ್ಕಿಂತ ಎತ್ತರವಾಗಿದೆಯೆಂದೂ, ಅಲ್ಲಿ ಫಿರಂಗಿಯನ್ನಿಟ್ಟರೆ ಕೋಟೆಯ ಒಳಗೆಲ್ಲ ಗುಂಡು ಬೀಳುವುದೆಂದೂ ಹೈದರನ ಕಣ್ಣಿಗೆ ಬಿದ್ದಿತಂತೆ. ಇಂಜಿನಿಯರನನ್ನು ಗಲ್ಲಿಗೇರಿಸಿದನಂತೆ. ಪೂರ್ವದ ಬಾಗಿಲಿನ ಬಳಿಯ ಒಂದು ಸಮಾಧಿಯನ್ನು ಅವನದೆಂದು ತೋರಿಸುವವರಿದ್ದಾರೆ. ಅದು ಒಬ್ಬ ಮುಸಲ್ಮಾನ ಸಾಧುವಿನದೆಂದು ಹೇಳುವವರೂ ಇದ್ದಾರೆ. ಕಥೆಯಲ್ಲಿ ನನಗೆ ನಂಬಿಕೆ ಕಡಮೆ. ನೆಲದಿಂದ ತಲೆಯೆತ್ತಿ ನೋಡಿದ ಯಾರಿಗಾದರೂ ಎರಡು ಗುಡ್ಡಗಳೂ ಒಟ್ಟಿಗೆ ಕಾಣುವಾಗ, ಅಳತೆಯನ್ನೇ ವೃತ್ತಿಯಾಗಿಟ್ಟುಕೊಂಡವನಿಗೆ ಇದು ಕಾಣದೆ ಹೋಯಿತೆಂದರೆ ಹೇಗೆ? ಅದೇ ಕುಂಬಾರಗುಡ್ಡವು ಒಂದು ಪಕ್ಕದಿಂದ ನೋಡಿದರೆ ಆಕಾಶಕ್ಕೆ ಮುಖಮಾಡಿ ಮಲಗಿದ ಮನುಷ್ಯನಂತೆ ತೋರುವುದರಿಂದ ಇಂಗ್ಲಿಷರು ಅದಕ್ಕೆ ಮುಖದ ಗುಡ್ಡವೆಂದು ತಮ್ಮ ಭಾಷೆಯಲ್ಲಿ ಹೆಸರಿಟ್ಟರು.

ಮೇಲುಕೋಟೆಯಲ್ಲಿ ದಂಡು ಇರುವುದಕ್ಕೆ ಸ್ಥಳವಿಲ್ಲ. ಬಂಡೆಯ ಬಿರುಕುಗಳಲ್ಲಿ ಮಳೆಯ ನೀರು ನಿಲ್ಲುವ ಕೊಳಗಳಿವೆ. ಕೆಲವು ಹಾಳು ಗೋಡೆಗಳಿವೆ. ಆದರೆ ಒಬ್ಬ ಮನುಷ್ಯನು ಇಲ್ಲಿ ಬಹುಕಾಲ ಇದ್ದನು. ಕರ್ನೂಲಿನ ನವಾಬರ ಮನೆತನದ ಮುಜಫರ್ ಖಾನನೆಂಬವನು ತನ್ನ ಪತ್ನಿಯನ್ನು ಕೊಂದ ಅಪರಾಧಕ್ಕಾಗಿ 1823ರಿಂದ 1864ರ ವರೆಗೆ ಈ ಶಿಖರದಲ್ಲಿ ಸೆರೆಯಲ್ಲಿದ್ದನು. ನಲವತ್ತೊಂದು ವರ್ಷ! ಇಂದು ಜನರು ಹಣ ಕೊಟ್ಟು ಅರ್ಧ ಗಂಟೆಯ ಕಾಲ ಪಡೆಯುವ ನೋಟವನ್ನು ಅವನು ಹದಿನೈದು ಸಾವಿರ ದಿನಗಳ ಹತ್ತಿರ ಬೇಡಬೇಡವೆಂದರೂ ನೋಡಬೇಕಾಯಿತು. ಕೆಳಗೆ ಕುಂಪಣಿಯ ದಂಡು ಬೆಳೆದುದನ್ನೂ, ಸಂತೆ ನೆರೆದು ಚದುರಿದುದನ್ನೂ, ಜಾತ್ರೆಯ ತಮಟೆಯ ಧ್ವನಿ ಮೇಲೇರಿ ಬಂದುದನ್ನೂ ಅವನು ಕಂಡು ಕೇಳಿರಬೇಕು. ಆ ಧ್ವನಿಯ ಬಳಿಗೆ ಒಂದು ಹೆಜ್ಜೆಯನ್ನೂ ಇಡುವಂತಿರಲಿಲ್ಲ. ಕೊಲೆಗಡುಕನ ಮೇಲೆ ಕನಿಕರಪಡಬೇಕೆಂದು ನಾನು ಹೇಳುತ್ತಿಲ್ಲ; ಆದರೆ ಆ ಗೋಡೆಗಳ ಬಳಿಗೆ ಬಂದಾಗಲೆಲ್ಲ, ಅವನ ಕೈಯಿಂದ ಸತ್ತ ಆ ಹೆಂಗಸಿಗೆ ಈ ಜಗತ್ತನ್ನು ನೋಡಲು ಎಷ್ಟು ದಿನಗಳು ದೊರೆತಿದ್ದವೆಂಬ ಯೋಚನೆಯು ನನಗೆ ಬರದೆ ಇರುವುದಿಲ್ಲ.

ತುದಿಯಲ್ಲಿ ನಿಂತು ಸುತ್ತಲೂ ನೋಡಿದರೆ ಬಳ್ಳಾರಿಯು ಒಂದೇ ಊರಲ್ಲ, ಪದರ ಪದರವಾದ ಹಲವು ಊರುಗಳೆಂದು ತಿಳಿಯುವುದು. ಬುಡದಲ್ಲಿ ಕೆಳಕೋಟೆಯ ಒಳಗಿನ ಕಚೇರಿಗಳು, ವಿದ್ಯಾಶಾಲೆಗಳು, ದೇವಾಲಯಗಳು, ಇಗರ್ಜಿಗಳು, ಇನ್ನೊಂದೆಡೆ ಇಕ್ಕಟ್ಟಾದ ಬೀದಿಗಳ ಹಳೆಯ ಪೇಟೆ, ಕನಕದುರ್ಗಮ್ಮನ ಗುಡಿ, ರೈಲು ಹಳಿಗಳು, ಅಂಗಳಗಳಿದ್ದ ಹಳೆಯ ಬಂಗಲೆಗಳ ಸ್ಥಳದಲ್ಲಿ ಎದ್ದಿರುವ ಕಟ್ಟಡಗಳು, ಜೀನ್ಸ್ ಬಟ್ಟೆಗಳನ್ನು ಹೊಲಿಯುವ ಮನೆಗಳ ಮಾಳಿಗೆಗಳಲ್ಲಿ ಒಣಗುತ್ತಿರುವ ನೀಲಿ. ಉತ್ತರದ ಕಡೆಗೆ, ಹನ್ನೆರಡನೆಯ ಶತಮಾನದಲ್ಲಿ ಸಿಂದ ಅರಸರ ರಾಜಧಾನಿಯಾಗಿದ್ದ ಕುರುಗೋಡಿನ ದಿಕ್ಕು. ಪಶ್ಚಿಮಕ್ಕೆ ಕುಡತಿನಿಯ ದಿಕ್ಕು. ಅಲ್ಲಿ ಸಹಸ್ರಾರು ವರ್ಷಗಳ ಹಿಂದೆ ದನಗಾಹಿಗಳು ಸಗಣಿಯನ್ನು ರಾಶಿಹಾಕಿ ಸುಟ್ಟುದರಿಂದಾದ ಬೂದಿದಿಬ್ಬವಿದೆ. ಅದೇ ಊರಿನ ಬಳಿಯಲ್ಲಿ ಈಗ ಕಲ್ಲಿದ್ದಲನ್ನು ಸುಟ್ಟು ವಿದ್ಯುತ್ತನ್ನು ಉತ್ಪಾದಿಸುತ್ತಾರೆ. ಬೂದಿಯ ಊರಿಗೆ ಬೂದಿಯೇ ಸಂದಿತು.

ಎಷ್ಟು ದೂರ ಕಾಣುವುದೆಂಬುದಕ್ಕೆ ಒಂದು ಸುಲಭವಾದ ಲೆಕ್ಕವಿದೆ, ಮಕ್ಕಳಿಂದ ಮಾಡಿಸಿರಿ. ಎತ್ತರವನ್ನು ಅಡಿಗಳಲ್ಲಿ ತೆಗೆದುಕೊಂಡು, ಅದರ ಅರ್ಧವನ್ನು ಅದಕ್ಕೇ ಕೂಡಿಸಿ, ವರ್ಗಮೂಲವನ್ನು ತೆಗೆದರೆ ದಿಗಂತದ ದೂರವು ಮೈಲಿಗಳಲ್ಲಿ ಬರುವುದು. 450ಕ್ಕೆ 225 ಕೂಡಿದರೆ 675; ವರ್ಗಮೂಲವು ಸುಮಾರು 26. ಎಂದರೆ ಸಮನಾದ ಬಯಲಿನಲ್ಲಿ 26 ಮೈಲಿ. ಬುರ್ಜ್ ಖಲೀಫಾದ ನೂರಿಪ್ಪತ್ತನಾಲ್ಕನೆಯ ಅಂತಸ್ತು 452 ಮೀಟರು, ಎಂದರೆ ಸುಮಾರು 1483 ಅಡಿ ಎತ್ತರದಲ್ಲಿದೆ. ಅಲ್ಲಿಂದ 47 ಮೈಲಿ. ಎತ್ತರವು ಮೂರು ಪಟ್ಟು ಮಿಕ್ಕರೂ ನೋಟವು ಎರಡು ಪಟ್ಟು ಕೂಡ ಆಗಲಿಲ್ಲ! ಭೂಮಿಯ ದುಂಡುತನವು ಧನಿಕರಿಗೆ ರಿಯಾಯಿತಿ ಕೊಡುವುದಿಲ್ಲ.

ಆ ಸೌಧವನ್ನು ನಾನು ತುಚ್ಛೀಕರಿಸುತ್ತಿಲ್ಲ. 828 ಮೀಟರು ಎತ್ತರದ ಅದು 2010ರ ಜನವರಿಯಲ್ಲಿ ತೆರೆಯಲ್ಪಟ್ಟಿತು. ದುಬಾಯಿಯಲ್ಲಿ ನೆಲೆಸಿರುವ ಕನ್ನಡಿಗರು ತಮ್ಮ ವೃದ್ಧ ತಂದೆತಾಯಿಗಳನ್ನು ಕರೆಸಿಕೊಂಡಾಗ ತಪ್ಪದೆ ಅಲ್ಲಿಗೆ ಕರೆದೊಯ್ಯುವರು. ಲಿಫ್ಟು ಒಂದು ನಿಮಿಷದಷ್ಟರಲ್ಲಿ ಮೇಲೊಯ್ಯುವುದು. ಗಾಳಿಯ ಒತ್ತಡ ಕಡಮೆಯಾಗಿ ಕಿವಿ ಕಟ್ಟುವುದು. ಉಗುಳು ನುಂಗಿದರೆ ಸರಿಹೋಗುವುದು. ಸಂಧ್ಯಾಕಾಲದ ವಿಷಯದಲ್ಲಿ ಆಸಕ್ತಿಯುಳ್ಳವರಿಗೆ ಇನ್ನೊಂದು ಸ್ವಾರಸ್ಯವುಂಟು. ಮೇಲಿದ್ದವರಿಗೆ ದಿಗಂತವು ದೂರವಾದುದರಿಂದ ಸೂರ್ಯನು ತಡವಾಗಿ ಅಸ್ತಮಿಸುವನು. ಆದಕಾರಣ 2011ರ ರಂಜಾನಿನಲ್ಲಿ ಅಲ್ಲಿಯ ಧರ್ಮಾಧಿಕಾರಿಗಳು, ಎಂಬತ್ತನೆಯ ಅಂತಸ್ತಿನ ಮೇಲಿರುವವರು ಎರಡು ನಿಮಿಷವೂ, ನೂರೈವತ್ತನೆಯದರ ಮೇಲಿರುವವರು ಮೂರು ನಿಮಿಷವೂ ತಡೆದು ಉಪವಾಸವನ್ನು ಬಿಡತಕ್ಕದ್ದೆಂದು ತಿಳಿಸಿದರು. ನಮ್ಮ ಪಂಚಾಂಗಕರ್ತರು ಅಂತಸ್ತುಗಳಿಗೆ ಇನ್ನೂ ಕೋಷ್ಠಕವನ್ನು ಮಾಡಿಲ್ಲ.

ಈ ಆಕಾಶಸೌಧಗಳಿಗೆಲ್ಲ ಮೂಲಕಾರಣ ಲಿಫ್ಟು. 1854ರಲ್ಲಿ ನ್ಯೂಯಾರ್ಕಿನಲ್ಲಿ ಎಲೈಶಾ ಓಟಿಸನು ತಾನು ನಿಂತ ಹಲಗೆಯ ಹಗ್ಗವನ್ನು ಜನರೆದುರಿಗೆ ಕಡಿಸಿ, ಹಲಗೆಯು ಬೀಳದೆ ನಿಲ್ಲುವುದನ್ನು ತೋರಿಸಿದನು. ಅದಕ್ಕೆ ಮೊದಲು ಮೆಟ್ಟಲು ಹತ್ತುವ ಶ್ರಮವು ಬಡವರ ಪಾಲಿಗಿದ್ದುದರಿಂದ ಪಶ್ಚಿಮದ ನಗರಗಳಲ್ಲಿ ಮೇಲಿನ ಅಂತಸ್ತಿಗೆ ಬಾಡಿಗೆ ಕಡಮೆ. ಲಿಫ್ಟು ಬಂದ ಮೇಲೆ ಸಿರಿವಂತರು ಮೇಲಕ್ಕೂ ಬಡವರು ಕೆಳಕ್ಕೂ ಆದರು. 1931ರಲ್ಲಿ ಎಂಪೈರ್ ಸ್ಟೇಟ್ ಸೌಧವನ್ನು ಕಟ್ಟಿದವರು ಎಂಬತ್ತಾರನೆಯ ಅಂತಸ್ತನ್ನು ಸಾರ್ವಜನಿಕರ ನೋಟಕ್ಕೆ ಬಿಟ್ಟರು. ಆರ್ಥಿಕ ಮುಗ್ಗಟ್ಟಿನಿಂದ ಕೋಣೆಗಳಿಗೆ ಬಾಡಿಗೆದಾರರು ದೊರೆಯದ ಆ ಕಾಲದಲ್ಲಿ, ನೋಡಬಂದವರ ಟಿಕೇಟಿನ ಹಣವೇ ಆಧಾರವಾಯಿತು.

ನಮ್ಮ ಬೆಂಗಳೂರಿನಲ್ಲಿ ಸೌಧಗಳು ಎದ್ದಷ್ಟು ವೇಗವಾಗಿ ಈ ಔದಾರ್ಯವು ಏಳಲಿಲ್ಲ. ನನ್ನ ಶಿಷ್ಯನೊಬ್ಬನು ಅಲ್ಲಿ ಹದಿನೆಂಟು ವರ್ಷಗಳಿಂದ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದಾನೆ. ತಾನು ಕಟ್ಟಿದ ಕಟ್ಟಡವೊಂದನ್ನು ತನ್ನ ಹೆಂಡತಿ ಮಕ್ಕಳಿಗೆ ತೋರಿಸಬೇಕೆಂದು ಹಬ್ಬದ ಬಟ್ಟೆ ಉಡಿಸಿ ಕರೆದೊಯ್ದನಂತೆ. ಕಾವಲಿನವನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದನಂತೆ. "ಮೂವತ್ತನೇ ಅಂತಸ್ತಿಗೆ ಹಲಗಿ ಹೊಡಿಯೋವಾಗ ಬೆಂಗಳೂರೆಲ್ಲಾ ನಮ್ದೇ ಇತ್ತು ಸಾರ್. ಈಗ ಗೇಟಿನಾಗ ನಿಲ್ಲಿಸ್ತಾರ" ಎಂದು ಅವನು ನಗುತ್ತ ಹೇಳಿದನು, ಪಕ್ಕದಲ್ಲಿದ್ದ ಅವನ ಮಗನು ನಗಲಿಲ್ಲ. ನಾನು ಅವರನ್ನು ಲಾಲ್‌ಬಾಗಿನ ಬಂಡೆಗೆ ಹೋಗುವಂತೆ ಹೇಳಿದೆನು. ಕೆಂಪೇಗೌಡರ ಗೋಪುರದ ಬಳಿ ನಿಂತರೆ ಕಾವಲಿನವನ ಕಾಟವಿಲ್ಲದೆ ನಗರವು ಕಾಣುವುದು, ಅವನು ಕಟ್ಟಿದ ಸೌಧಗಳ ಸಹಿತವಾಗಿ. ನಗರಸಭೆಗಳು ಎತ್ತರದ ಕಟ್ಟಡಗಳಿಗೆ ಅನುಮತಿ ಕೊಡುವಾಗ, ವಾರದಲ್ಲಿ ಒಂದು ದಿನವಾದರೂ ಮಾಳಿಗೆಯನ್ನು ಸಾಮಾನ್ಯರಿಗೆ ತೆರೆಯಬೇಕೆಂದು ನಿಯಮಮಾಡಿದರೆ ನಷ್ಟವೇನು?

ಗುಡ್ಡಗಳಿವೆಯಷ್ಟೆ ಎಂದು ನಿಶ್ಚಿಂತೆಯಿಂದಿರುವ ಹಾಗೂ ಇಲ್ಲ. ಬಳ್ಳಾರಿಯ ಬಳಿಯ ಸಂಗನಕಲ್ಲಿನ ಗುಡ್ಡಗಳಲ್ಲಿ ನೂತನ ಶಿಲಾಯುಗದವರ ಕಲ್ಲುಕೊಡಲಿಗಳ ಕಾರ್ಖಾನೆಯೇ ಇತ್ತು. ಬಡಿದರೆ ಗಂಟೆಯಂತೆ ನಾದಗೈಯುವ ಬಂಡೆಗಳು ಅಲ್ಲಿವೆ. ಅಂಥ ಸ್ಥಳಕ್ಕೂ ಜಲ್ಲಿಕಲ್ಲಿಗಾಗಿ ಸಿಡಿಮದ್ದು ತಗಲಿತು, ಪ್ರಾಕ್ತನಶಾಸ್ತ್ರಜ್ಞರು ಕೂಗಿಕೊಳ್ಳಬೇಕಾಯಿತು. ಬಳ್ಳಾರಿಯಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯವನ್ನು ನೋಡಿದವರಿಗೆ, ಪುಡಿಯಾಗುತ್ತಿರುವುದು ಬರಿಯ ಕಲ್ಲಲ್ಲವೆಂಬುದು ಮನದಟ್ಟಾಗುವುದು. ಜಲ್ಲಿಯಾದ ಗುಡ್ಡವು ನಗರಕ್ಕೆ ಹೋಗಿ ಮೂವತ್ತು ಅಂತಸ್ತಾಗಿ ನಿಲ್ಲುವುದು. ಎತ್ತರವು ಎಲ್ಲಿಗೂ ಹೋಗಲಿಲ್ಲ, ಬಾಗಿಲು ಮಾತ್ರ ಬಂದಿತು ಎಂದು ಹೇಳಬಹುದೇನೋ.

ಬಳ್ಳಾರಿಯ ಗುಡ್ಡಕ್ಕೆ ಕುಟುಂಬಸಮೇತರಾಗಿ ಹೋಗುವವರು ಮಳೆಗಾಲ ಕಳೆದು ಶಿವರಾತ್ರಿಯ ಒಳಗೆ, ಸೂರ್ಯೋದಯಕ್ಕೆ ಹತ್ತಲು ಆರಂಭಿಸತಕ್ಕದ್ದು. ಹೊತ್ತೇರಿದರೆ ಬಂಡೆಯು ಹೆಂಚಿನಂತೆ ಕಾಯುವುದು, ಮೇಲೆ ನೆರಳಿಲ್ಲ. ಕುಡಿಯುವ ನೀರನ್ನು ಕೊಂಡೊಯ್ಯಿರಿ. ಮಕ್ಕಳನ್ನು ಕೊಳಗಳ ಅಂಚಿಗೆ ಬಿಡಬೇಡಿರಿ. ಹೆಂಗಸರು ಹತ್ತಲಾರರೆಂದು ಅವರನ್ನು ಕೆಳಗೆ ಕೂಡಿಸಿ ಹೋಗುವ ಗಂಡಸರಿಗೆ, ನಮ್ಮ ಮನೆಯಾಕೆಯು ನನಗಿಂತ ಹತ್ತು ನಿಮಿಷ ಮೊದಲೇ ಮೇಲಿದ್ದಳೆಂದು ತಿಳಿಸುವೆನು. ಇಳಿಯುವಾಗ ಮೊಣಕಾಲುಗಳಿಗೆ ಶ್ರಮ ಹೆಚ್ಚು. ವಯಸ್ಸಾದವರು ಓರೆಯಾಗಿ ಹೆಜ್ಜೆಯಿಟ್ಟು ನಡುನಡುವೆ ಕುಳಿತು ಬರಬೇಕು. ಕೆಳಗೆ ಪೇಟೆಗೆ ಬರುವಷ್ಟರಲ್ಲಿ ಮಂಡಾಳು ಒಗ್ಗರಣೆ, ಮಿರ್ಚಿ ಬಿಸಿಯಾಗಿರುತ್ತವೆ.